ಪಿಚರ್‌ನ ನಂಬೋದಾ, ಬ್ಯಾಟರ್‌ನಾ?

ಫ್ಯಾಂಟಸಿ ಬೇಸ್‌ಬಾಲ್‌ಗೆ (ನಿಜ ಆಟಗಾರರನ್ನ ಆರಿಸಿ ನಮ್ಮದೇ ತಂಡ ಕಟ್ಟೋ ಆಟ) ಭಾರೀ ಸದ್ದು ಮಾಡ್ತಿರೋ ಹುಡುಗನ್ನ ಆರಿಸೋ ಮುಂಚೆ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಆರಿಸಿದ್ದ ಈ ಇಬ್ಬರನ್ನ ನೋಡಿ. ಇಬ್ಬರೂ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನ ಆರಿಸೋದು) ಮೊದಲ ಆಯ್ಕೆ: 2009ರಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯೋನು) ಸ್ಟೀಫನ್ ಸ್ಟ್ರಾಸ್‌ಬರ್ಗ್, 2010ರಲ್ಲಿ ಬ್ಯಾಟರ್ ಬ್ರೈಸ್ ಹಾರ್ಪರ್.

ಸ್ಟ್ರಾಸ್‌ಬರ್ಗ್ ಮೊದಲ ಪಂದ್ಯದಲ್ಲೇ 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನ ಔಟ್ ಮಾಡೋದು) ಪಡೆದ. ಮೂರೇ ತಿಂಗಳಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ. 2019ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದ್ರೆ ಅಮೆರಿಕದ ಬೇಸ್‌ಬಾಲ್ ಫೈನಲ್‌ನಲ್ಲಿ, ಎಂವಿಪಿ (ಅತ್ಯಮೂಲ್ಯ ಆಟಗಾರ) ಆದ, 24.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ. ಆಮೇಲೆ ಆಡಿದ್ದು ಬರೀ 8 ಪಂದ್ಯ.

ಹಾರ್ಪರ್‌ನ 16ನೇ ವಯಸ್ಸಿಗೇ ಪತ್ರಿಕೆಯ ಮುಖಪುಟಕ್ಕೆ ಏರಿಸಿದ್ರು, ಪಾಪ. ಆದ್ರೂ 2015, 2021ರಲ್ಲಿ ಲೀಗ್‌ನ ಎಂವಿಪಿ. 2022ರಲ್ಲಿ ಅವನ ಮೊಣಕೈಯೂ ಕೆಟ್ಟಿತು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯೋದು ಬಿಟ್ಟು ಬರೀ ಬ್ಯಾಟಿಂಗ್ ಮಾಡ್ಕೊಂಡೇ ತನ್ನ ಹೊಸ ತಂಡ ಫಿಲಡೆಲ್ಫಿಯಾ ಫಿಲೀಸ್‌ನ ವರ್ಲ್ಡ್ ಸೀರೀಸ್‌ಗೆ ಒಯ್ದ. ಪಿಚರ್‌ಗೆ ಆ ದಾರಿ ಎಲ್ಲಿದೆ? ನನ್ನ ಓಟು ಬ್ಯಾಟರ್‌ಗೇ.