ಹೆಬ್ಬೆರಳಿಗೆ ಶೇಕಡಾ 25: ಬಡಗಿ ಮನೆಯವಳು ಕಂಡ ಅಪಘಾತ ವಿಮೆ

ನಮ್ಮದು ಶಿವಮೊಗ್ಗದಲ್ಲಿ ಮರದ ಕೆಲಸದ ಶಾಪು. ಬಾಗಿಲು, ಕಿಟಕಿ, ಮಂಚ, ಈಚೆಗೆ ಜಾಸ್ತಿ ಪ್ಲೈವುಡ್ಡಿನ ವಾರ್ಡ್‌ರೋಬು. ನಮ್ಮನೆಯವರು ಮಷೀನಿನ ಹತ್ತಿರ, ನಾನು ಬಿಲ್ಲು ಪುಸ್ತಕದ ಹತ್ತಿರ. ಇಬ್ಬರಿಗೂ ತಲಾ 10 ಲಕ್ಷಕ್ಕೆ ‘ಸರಳ ಸುರಕ್ಷಾ ಬಿಮಾ’ ಅನ್ನೋ ಅಪಘಾತ ಪಾಲಿಸಿ ಮಾಡಿಸಿದ್ದೇವೆ. ಕಂಪನಿ ಹೆಸರು ಹೇಳಿ ಪ್ರಯೋಜನವಿಲ್ಲ, ಯಾಕಂದ್ರೆ ಇದರ ಮುಖ್ಯ ಷರತ್ತುಗಳು ಎಲ್ಲಾ ಕಂಪನಿಗಳಲ್ಲೂ ಒಂದೇ. ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿ, 2021ರ ಏಪ್ರಿಲ್‌ನಿಂದ ಮಾರಾಟಕ್ಕೆ ತಂದ ಪಾಲಿಸಿ ಇದು. ಎರಡೂವರೆ ಲಕ್ಷದಿಂದ 1 ಕೋಟಿವರೆಗೆ ಸಿಗುತ್ತದೆ, ವಯಸ್ಸು 18ರಿಂದ 70. ಬೆಲೆ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಊರು ನೋಡಿ ಬೆಲೆ ಏರಿಸುವಂತಿಲ್ಲ. ಕೆಲಸ ನೋಡಿ ಏರಿಸಬಹುದು.

ತಗೊಳ್ಳಬಹುದಾ ಅಂತ ಕೇಳಿದರೆ, ತಗೊಳ್ಳಿ. ಆದರೆ ಕೈಕೆಲಸದವರು ಒಂದು ವಿಷಯ ತಿಳಿದುಕೊಂಡೇ ಸಹಿ ಹಾಕಿ. ದುಡ್ಡು ಕಟ್ಟಿಸಿಕೊಳ್ಳುವಾಗ ನಿಮ್ಮ ಕೆಲಸ ಏನು ಅಂತ ಕೆದಕಿ ಕೆದಕಿ ಕೇಳುತ್ತಾರೆ. ದುಡ್ಡು ಕೊಡುವಾಗ ನೀವು ಯಾರಾದರೂ ಒಂದೇ.

ಮೊದಲು ಕಟ್ಟುವ ಕಥೆ. ಅಪಘಾತ ವಿಮೆಯಲ್ಲಿ ವೃತ್ತಿಗಳನ್ನು ಸಾಮಾನ್ಯವಾಗಿ ಮೂರು ವರ್ಗ ಮಾಡುತ್ತಾರೆ. ಲೆಕ್ಕಪತ್ರದವರು, ವಕೀಲರು, ಮೇಷ್ಟ್ರು, ಡಾಕ್ಟರು, ಬ್ಯಾಂಕಿನವರು ಒಂದನೇ ವರ್ಗ. ಮೈಕೈ ಬಗ್ಗಿಸಿ ದುಡಿಯುವವರು, ಗ್ಯಾರೇಜ್ ಮೆಕ್ಯಾನಿಕ್, ಲಾರಿ ಡ್ರೈವರ್, ಕ್ಯಾಶ್ ಸಾಗಿಸುವವರು, ಮಷೀನ್ ಆಪರೇಟರ್ ಎಲ್ಲಾ ಎರಡನೇ ವರ್ಗ. ಹಳೆಯ ಪಟ್ಟಿಗಳಲ್ಲಿ ಮರದ ಮಷೀನು ನಡೆಸುವವರು ಅಂತ ನಮ್ಮವರ ಹೆಸರನ್ನೇ ಬೇರೆಯಾಗಿ ಬರೆದಿರುತ್ತಾರೆ. ಮನುಷ್ಯರ ಡಾಕ್ಟರು ಒಂದರಲ್ಲಿ, ದನದ ಡಾಕ್ಟರು ಎರಡರಲ್ಲಿ! ಒದೆ ತಿಂದವರಿಗೆ ಇದು ಸರಿ ಅನ್ನಿಸೀತು. ಗಣಿಯೊಳಗೆ ಇಳಿಯುವವರು, ಸಿಡಿಮದ್ದಿನವರು, ಹೈ ಟೆನ್ಷನ್ ಲೈನಿನವರು, ಸರ್ಕಸ್ಸಿನವರು, ಕುದುರೆ ಜಾಕಿಗಳು ಮೂರನೇ ವರ್ಗ. ಇವರನ್ನು ಕೆಲವು ಕಂಪನಿಗಳು ಹತ್ತಿರವೇ ಸೇರಿಸುವುದಿಲ್ಲ. ತೆಂಗಿನ ಮರ ಹತ್ತುವವರಿಗಂತೂ ಕೊನೆಗೆ ತೆಂಗು ಅಭಿವೃದ್ಧಿ ಮಂಡಳಿಯೇ ‘ಕೇರ ಸುರಕ್ಷಾ’ ಅಂತ ಬೇರೆ ವಿಮೆ ಮಾಡಿಸಬೇಕಾಯಿತು. ಪ್ರೀಮಿಯಂನ ದೊಡ್ಡ ಪಾಲು ಮಂಡಳಿಯದು, ಸಣ್ಣ ಪಾಲು ಹತ್ತುವವರದು.

ನಮ್ಮ ಮನೆಗೆ ಬಂದ ಏಜೆಂಟರು ಒಳ್ಳೆಯವರೇ. ಆದರೆ ಫಾರಂ ತುಂಬುವಾಗ ಅವಸರ. ನಮ್ಮನೆಯವರ ವೃತ್ತಿ ‘ವ್ಯಾಪಾರ’, ನನ್ನದು ‘ಗೃಹಿಣಿ’ ಅಂತ ಬರೆಯಲು ಹೊರಟರು. ‘ಸ್ವಂತ ಶಾಪು ಅಲ್ವಾ ಅಕ್ಕಾ, ವ್ಯಾಪಾರ ಅಂದ್ರೆ ಪ್ರೀಮಿಯಂ ಕಡಿಮೆ ಬರುತ್ತೆ’ ಅಂದರು. ಗರಗಸದ ಮುಂದೆ ದಿನವಿಡೀ ನಿಲ್ಲುವ ಮನುಷ್ಯನನ್ನು ಗಲ್ಲಾಪೆಟ್ಟಿಗೆ ಮುಂದೆ ಕೂರಿಸಿದರೆ, ನಾಳೆ ಕ್ಲೇಮ್ ಹೋದಾಗ ಕಂಪನಿಯವರು ಆಸ್ಪತ್ರೆ ಚೀಟಿ ಓದುವುದಿಲ್ವಾ? ಗಾಯ ಹೇಗಾಯಿತು ಅಂತ ಮೊದಲ ಸಾಲಲ್ಲೇ ಇರುತ್ತದೆ. ವೃತ್ತಿ ಮುಚ್ಚಿಟ್ಟಿದ್ದಕ್ಕೆ ಕ್ಲೇಮ್ ಕತ್ತರಿಸಬಹುದು, ಪೂರ್ತಿ ತಳ್ಳಿಯೂ ಹಾಕಬಹುದು. ಮರದ ಮಷೀನು ನಡೆಸುತ್ತಾರೆ ಅಂತಲೇ ಬರೆಸಿದೆ. ಅವರದು ಎರಡನೇ ವರ್ಗವಾಯಿತು. ನಾನು ಒಂದು ರೂಪಾಯಿ ಕಟ್ಟುವಲ್ಲಿ ಅವರು ಹತ್ತಿರ ಹತ್ತಿರ ಒಂದೂಕಾಲು ಕಟ್ಟುತ್ತಾರೆ. ಅದೇ ಶೆಡ್ಡು, ಅದೇ ಧೂಳು, ನಡುವೆ ಒಂದು ಗಾಜಿನ ಬಾಗಿಲು.

ಗೃಹಿಣಿ ಅನ್ನೋದನ್ನೂ ಬದಲಾಯಿಸಿದೆ. ಸುಮ್ನೆ ಮಾನಕ್ಕಾಗಿ ಅಲ್ಲ. ಸ್ವಂತ ಆದಾಯ ಇಲ್ಲದವರಿಗೆ ಕಂಪನಿಗಳು ವಿಮಾ ಮೊತ್ತವನ್ನು ಕಡಿಮೆಗೆ ನಿಲ್ಲಿಸುತ್ತವೆ. ಗಾಯವಾಗಿ ಕೆಲಸ ಬಿಟ್ಟು ಕೂತಾಗ ಸಿಗುವ ವಾರದ ಪರಿಹಾರವಂತೂ ದುಡಿಯುವವರಿಗೆ ಮಾತ್ರ. ನಾನು ಶಾಪಿನ ಪಾಲುದಾರಳು, ನನ್ನ ಹೆಸರಲ್ಲಿ ಐಟಿ ರಿಟರ್ನ್ ಇದೆ. ಅದನ್ನು ತೋರಿಸಿದ ಮೇಲೆ ತಕರಾರಿಲ್ಲದೆ 10 ಲಕ್ಷ ಕೊಟ್ಟರು. ಗಂಡನ ಶಾಪಿನಲ್ಲಿ ಲೆಕ್ಕ ಬರೆಯುವ ಎಷ್ಟೋ ಹೆಂಗಸರು ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ರಿಟರ್ನ್ ಹಾಕುವ ಯೋಚನೆ ಇದ್ದರೆ ಇದೂ ಒಂದು ಕಾರಣ.

ಈಗ ಕೊಡುವ ಕಥೆ. ಪಾಲಿಸಿ ಕಾಗದದ ಒಳಗೆ ಬೆರಳಿನ ಪಟ್ಟಿ ಇದೆ. ಹೆಬ್ಬೆರಳು ಎರಡೂ ಗಿಣ್ಣು ಹೋದರೆ ವಿಮಾ ಮೊತ್ತದ ಶೇಕಡಾ 25. ತೋರುಬೆರಳು ಪೂರ್ತಿ 10, ನಡುಬೆರಳು 6, ಉಂಗುರದ ಬೆರಳು 5, ಕಿರುಬೆರಳು 4. ತೋರುಬೆರಳಿನ ತುದಿ ಗಿಣ್ಣು ಮಾತ್ರ ಹೋದರೆ 4. ನಮ್ಮನೆಯವರು ಇದನ್ನು ಓದಿ, ಒಂದು ಪ್ಲೈವುಡ್ ತುಂಡಿನ ಮೇಲೆ ಎಡಗೈ ಇಟ್ಟು, ಕಿವಿ ಸಂದಿಯ ಪೆನ್ಸಿಲ್ ತೆಗೆದು ಸುತ್ತ ಗೆರೆ ಎಳೆದರು. ಒಂದೊಂದು ಬೆರಳಿಗೂ ರೇಟು ಬರೆದರು. ಹೆಬ್ಬೆರಳು ಎರಡೂವರೆ ಲಕ್ಷ, ಕಿರುಬೆರಳು 40 ಸಾವಿರ. ಐದನ್ನೂ ಕೂಡಿಸಿದರೆ 5 ಲಕ್ಷ ಆಗುತ್ತದೆ. ಆದರೆ ಪಟ್ಟಿಯಲ್ಲಿ ಒಂದು ಕೈಯ ಐದೂ ಬೆರಳು ಸೇರಿ ಇರುವುದು ಶೇಕಡಾ 40, ಅಂದ್ರೆ 4 ಲಕ್ಷ. ‘ಒಟ್ಟಿಗೆ ಹೋದರೆ ಹೋಲ್‌ಸೇಲ್ ರೇಟು ಕಣೇ’ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಅವರ ಎಡಗೈ ತೋರುಬೆರಳಿನ ತುದಿ ಮದುವೆಗೆ ಮುಂಚೆಯೇ ಪ್ಲೇನರ್‌ಗೆ ಹೋಗಿದೆ, ಉಗುರಿನ ಜಾಗದಲ್ಲಿ ಚರ್ಮ ಗಂಟು ಕಟ್ಟಿದೆ. ಅದನ್ನೂ ಫಾರಂನಲ್ಲಿ ಬರೆದಿದ್ದೇವೆ. ಹಳೆಯ ನಷ್ಟಕ್ಕೆ ಮತ್ತೆ ದುಡ್ಡು ಬರುವುದಿಲ್ಲ.

ನನ್ನ ಹೆಬ್ಬೆರಳಿಗೂ ಎರಡೂವರೆ ಲಕ್ಷವೇ. ಹೆಬ್ಬೆರಳು ಹೋದರೂ ನಾನು ಹೇಗೋ ಬಿಲ್ ಬರೆದೇನು. ಅವರು ಉಳಿ ಹಿಡಿಯುವುದು ಹೇಗೆ? ಒಂದು ಕೈ ಪೂರ್ತಿ ಹೋದರೆ ಶೇಕಡಾ 50. ಪೂರ್ತಿ ಮೊತ್ತ ಬೇಕಾದರೆ ಎರಡೂ ಕೈ, ಎರಡೂ ಕಣ್ಣು, ಇಂಥದ್ದೇ ಆಗಬೇಕು. ಇಲ್ಲಾ ಯಾವ ಉದ್ಯೋಗವನ್ನೂ ಎಂದೆಂದಿಗೂ ಮಾಡಲಾಗದ ಸ್ಥಿತಿ ಬರಬೇಕು. ‘ನಿಮ್ಮ ಉದ್ಯೋಗ’ ಅಂತ ಇಲ್ಲ, ‘ಯಾವುದೇ ಉದ್ಯೋಗ’ ಅಂತ ಇದೆ. ವಾಚ್‌ಮನ್ ಆಗಿ ಕೂರಬಲ್ಲ ಬಡಗಿಗೆ ಪೂರ್ತಿ ಮೊತ್ತ ಕಷ್ಟ.

ಕೋರ್ಟು ಇದನ್ನು ಬೇರೆ ರೀತಿ ನೋಡುತ್ತದೆ. ಕೆಲಸದ ಮೇಲಿದ್ದಾಗ ಬಿದ್ದು ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಬಡಗಿಯೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಇದು ಪೂರ್ಣ ಅಸಾಮರ್ಥ್ಯವೇ ಅಂತ ಎತ್ತಿಹಿಡಿಯಿತು. ಆದರೆ ಆ ತೀರ್ಪು ಬಂದದ್ದು ಮಾಲೀಕರು ಕೊಡಬೇಕಾದ ಪರಿಹಾರದ ಬಗ್ಗೆ ಆಗ ಇದ್ದ 1923ರ ಕಾಯಿದೆಯ ಕೆಳಗೆ. ನೀವೇ ಕೊಂಡ ಪಾಲಿಸಿಯಲ್ಲಿ ಆ ಮಾತು ನಡೆಯದು. ಅಲ್ಲಿ ಕಾಗದದಲ್ಲಿ ಬರೆದದ್ದೇ ಲೆಕ್ಕ. ಮಾಲೀಕರೇ ದುಡಿಯುವ ನಮ್ಮಂಥ ಶಾಪಿನಲ್ಲಿ ನಮ್ಮನೆಯವರು ಯಾರ ಮೇಲೆ ಕೇಸು ಹಾಕಬೇಕು, ನನ್ನ ಮೇಲಾ?

ಕೈ ಮುರಿದು ಕೆಲವು ವಾರ ಮನೆಯಲ್ಲಿ ಕೂರುವುದು ನಮ್ಮಲ್ಲಿ ಜಾಸ್ತಿ ಆಗುವ ಸಂಗತಿ. ಅದಕ್ಕೆ ಸಿಗುವ ವಾರದ ಪರಿಹಾರ ಈ ಪಾಲಿಸಿಯಲ್ಲಿ ಐಚ್ಛಿಕ. ಹೆಚ್ಚು ದುಡ್ಡು ಕಟ್ಟಿ ಸೇರಿಸಿಕೊಳ್ಳಬೇಕು. ವಾರಕ್ಕೆ ಮೊತ್ತದ ಶೇಕಡಾ 0.2, ಹೆಚ್ಚೆಂದರೆ 100 ವಾರ. ನಮ್ಮ 10 ಲಕ್ಷಕ್ಕೆ ವಾರಕ್ಕೆ 2 ಸಾವಿರ ಆಯಿತು. ಒಳ್ಳೆ ಕಾರ್ಪೆಂಟರ್‌ಗೆ ಅದು ಎರಡು ದಿನದ ಕೂಲಿ. ಈ ಭಾಗಕ್ಕೆ ನಾನು ಕೊಡುವ ಅಂಕ ತೀರಾ ಕಡಿಮೆ. ಕಂಪನಿಗಳ ಸ್ವಂತ ಪಾಲಿಸಿಗಳಲ್ಲಿ ವಾರಕ್ಕೆ ಶೇಕಡಾ 1 ಕೊಡುವವೂ ಇವೆ. ಆದರೆ ಇಷ್ಟು ಸಾವಿರ ಮೀರಬಾರದು ಅಂತ ಮಿತಿ ಇರುತ್ತದೆ. ಆ ಮಿತಿ ಎಷ್ಟು ಅಂತ ಮೊದಲೇ ಕೇಳಿ.

ಬ್ಯಾಂಕಿನ 20 ರೂಪಾಯಿ ಪಾಲಿಸಿ ಸಾಕಲ್ವಾ ಅಂತ ನಮ್ಮ ಹುಡುಗರು ಕೇಳುತ್ತಾರೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ನನಗೂ ಇಷ್ಟ. ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20. ವೃತ್ತಿ ಕೇಳುವುದೇ ಇಲ್ಲ. ಮೇಷ್ಟ್ರಿಗೂ ಲೈನ್‌ಮನ್‌ಗೂ ಅದೇ ಬೆಲೆ. ಸಾವಿಗೆ ಮತ್ತು ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲಿಗೆ 1 ಲಕ್ಷ. ಆದರೆ ಬೆರಳಿಗೆ ಏನೂ ಇಲ್ಲ, ಮನೆಯಲ್ಲಿ ಕೂತ ವಾರಗಳಿಗೂ ಇಲ್ಲ. ಮರದ ಶಾಪಿನಲ್ಲಿ ಹೋಗುವುದು ಹೆಚ್ಚಾಗಿ ಬೆರಳೇ. ಹಾಗಾಗಿ ಅದು ಇರಲಿ, ಅದರ ಜೊತೆ ಇದೂ ಇರಲಿ.

ಕ್ಲೇಮ್ ಮಾಡುವ ಸಂದರ್ಭ ನಮಗಿನ್ನೂ ಬಂದಿಲ್ಲ. ಅದರ ಬಗ್ಗೆ ಹೊಗಳಿಕೆಯೂ ಬೇಡ, ದೂರೂ ಬೇಡ. ಕ್ಲೇಮ್ ಇಲ್ಲದ ವರ್ಷಕ್ಕೆ ಮೊತ್ತ ಶೇಕಡಾ 5 ಏರುತ್ತದೆ, ಹೆಚ್ಚೆಂದರೆ ಶೇಕಡಾ 50ರವರೆಗೆ. ಮುಂದಿನ ರಿನ್ಯೂವಲ್‌ಗೆ ನಮ್ಮನೆಯವರದನ್ನು 25 ಲಕ್ಷಕ್ಕೆ ಏರಿಸುತ್ತೇವೆ, ನನ್ನದು ಹಾಗೇ ಇರುತ್ತದೆ. ಪಾಲಿಶ್ ಮಾಡುತ್ತಿದ್ದ ಮೈದುನ ಈಗ ಗರಗಸಕ್ಕೆ ಬಂದಿದ್ದಾನೆ. ಅವನ ಪಾಲಿಸಿ ಬೇರೆ ಕಂಪನಿಯದು. ಕೆಲಸ ಬದಲಾಗಿದೆ ಅಂತ ಅವರಿಗೆ ಈ ವಾರವೇ ಇಮೇಲ್ ಹಾಕಬೇಕು.