ಮಗುವಿನ ಚಿಕಿತ್ಸೆಗೆಂದು ಹಣ ಕೂಡಿಸುವ ಗುಂಪು ಸೇರುವ ಮೊದಲು ಇದನ್ನು ಓದಿ

ಕಾಯಿಲೆ ಬಿದ್ದ ಮಗುವಿಗೋ ಕಷ್ಟದಲ್ಲಿರುವ ಕುಟುಂಬಕ್ಕೋ ಹಣ ಕೂಡಿಸುವ ಗುಂಪಿನಲ್ಲಿ ಕೆಲಸ ಮಾಡಲು ಹೊರಟವರಿಗಾಗಿ, ಅಂಥ ಗುಂಪಿಗೆ ದುಡ್ಡು ಕಳಿಸಲು ಫೋನ್ ಕೈಗೆತ್ತಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನಿದ್ದ ಗುಂಪಿಗೆ ಕದಿಯುವ ಉದ್ದೇಶದಿಂದ ಯಾರೂ ಬಂದಿರಲಿಲ್ಲ ಎಂದೇ ಈಗಲೂ ನಂಬುತ್ತೇನೆ. ಆದರೂ ಮಗುವಿನ ಹೆಸರಲ್ಲಿ ಬಂದ ಹಣದ ಒಂದು ಪಾಲು ಮಗುವಿಗೆ ಸೇರಲೇ ಇಲ್ಲ. ಸೇರಿದ್ದೂ ಎಷ್ಟೋ ಸಲ ತಡವಾಗಿ ಸೇರಿತು. ಕೊನೆಗೆ ಜನರ ಬಾಯಲ್ಲಿ ಕಳ್ಳರಾದವರು ಆ ಹುಡುಗನ ಅಪ್ಪ ಅಮ್ಮ.

ಹುಡುಗನಿಗೆ ರಕ್ತದ ಕ್ಯಾನ್ಸರ್. ಸುದ್ದಿ ಗೊತ್ತಾದ ಕೂಡಲೇ ಪರಿಚಯದವರೆಲ್ಲ ಸೇರಿ ಗುಂಪು ಕಟ್ಟಿಕೊಂಡರು. ಓಡಾಡುವವರು, ಪೋಸ್ಟರ್ ಮಾಡುವವರು, ಡಬ್ಬಿ ಹಿಡಿದು ನಿಲ್ಲುವವರು, ಎಲ್ಲರೂ ಸಿಕ್ಕರು. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡುವುದು ನನ್ನ ಪಾಲಿನ ಕೆಲಸ. ಹಣ ಹಾಕಲು ಖಾತೆ ಯಾವುದು ಎಂಬ ಪ್ರಶ್ನೆ ಬಂದಾಗ ಗುಂಪಿನ ಮುಂದಾಳು ತಮ್ಮ ಸ್ವಂತ ಖಾತೆಯ ಕ್ಯೂಆರ್ ಕೋಡ್ ಹಾಕಿಬಿಟ್ಟರು. ಹೊಸ ಖಾತೆ ತೆರೆಯಲು ಸಮಯವಿಲ್ಲ, ಮಗು ಆಸ್ಪತ್ರೆಯಲ್ಲಿದೆ ಎಂದರು. ಆ ಹೊತ್ತಿನಲ್ಲಿ ಅದು ಸರಿಯಾದ ಮಾತು ಎಂದೇ ಎಲ್ಲರಿಗೂ ಅನ್ನಿಸಿತು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಒಬ್ಬರ ಉಳಿತಾಯ ಖಾತೆಗೆ ಗುರುತಿಲ್ಲದ ನೂರಾರು ಜನರಿಂದ ಸಣ್ಣ ಸಣ್ಣ ಮೊತ್ತ ಒಂದೇ ಸಮನೆ ಬಂದು ಬೀಳತೊಡಗಿದರೆ ಬ್ಯಾಂಕಿನ ವ್ಯವಸ್ಥೆ ಅದನ್ನು ಅನುಮಾನದಿಂದಲೇ ನೋಡುತ್ತದೆ. ಮೋಸದ ಹಣ ಓಡಾಡುವ ಖಾತೆಗಳೂ ಹಾಗೇ ಕಾಣುತ್ತವೆ, ಅದಕ್ಕೆ. ನಮ್ಮ ಮುಂದಾಳುವಿನ ಖಾತೆಯಿಂದಲೂ ಹಣ ತೆಗೆಯದಂತೆ ಬ್ಯಾಂಕು ತಡೆ ಹಾಕಿತು. ಹಣ ಎಲ್ಲಿಂದ ಬಂತು, ಏಕೆ ಬಂತು ಎಂಬುದಕ್ಕೆ ಕಾಗದ ಕೇಳಿತು. ಕಾಗದ ಇರಲಿಲ್ಲ. ರಸೀದಿ ಪುಸ್ತಕವೇ ಇರಲಿಲ್ಲ, ಕೊಟ್ಟವರ ಪಟ್ಟಿ ಫೋನಿನ ಸ್ಕ್ರೀನ್‌ಶಾಟ್‌ಗಳಲ್ಲಿ ಚದುರಿಹೋಗಿತ್ತು. ಅದೇ ವಾರ ಹುಡುಗನಿಗೆ ಜ್ವರ ಬಂದು ಮತ್ತೆ ದಾಖಲಾದ. ಕಿಮೋ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿಯ ಚಿಕಿತ್ಸೆ, ನಡೆಯುವಾಗ ಬಿಳಿ ರಕ್ತಕಣಗಳು ಕುಸಿದಿರುತ್ತವೆ, ಆಗ ಬರುವ ಜ್ವರವನ್ನು ನಾಳೆಗೆ ಎಂದು ಮುಂದೂಡುವ ಹಾಗಿಲ್ಲ. ಖಾತೆಯಲ್ಲಿ ಹಣ ಕಣ್ಣಿಗೆ ಕಾಣುತ್ತಿತ್ತು, ಅವನ ಅಮ್ಮ ಮಾತ್ರ ಕೈಸಾಲಕ್ಕೆ ಅಲೆಯುತ್ತಿದ್ದಳು.

ತಡೆ ತೆರವಾದ ಮೇಲೂ ಆ ಕುಟುಂಬದ ಪಾಡು ಬದಲಾಗಲಿಲ್ಲ. ಒಂದೊಂದು ಬಿಲ್ಲಿಗೂ ಮುಂದಾಳುವಿಗೆ ಫೋನು ಮಾಡಬೇಕು. ಅವರು ಕೆಲಸದಲ್ಲಿದ್ದರೆ ಕಾಯಬೇಕು, ಊರಲ್ಲಿಲ್ಲದಿದ್ದರೆ ಮರುದಿನ ಕೇಳಬೇಕು. ತಮ್ಮ ಮಗನ ಹೆಸರಲ್ಲಿ ಬಂದ ಹಣವನ್ನೇ ಬೇಡಿ ಪಡೆಯುವ ಸ್ಥಿತಿ. "ಅಕ್ಕಾ, ಅವರಿಗೆ ಮತ್ತೆ ಮತ್ತೆ ಫೋನ್ ಮಾಡೋಕೆ ನಂಗೆ ಮುಖ ಇಲ್ಲ, ನೀವೇ ಒಂದ್ಸಲ ಹೇಳ್ತೀರಾ?" ಎಂದು ಆ ತಾಯಿ ನನ್ನನ್ನು ಕೇಳಿದಳು. ಕೊಟ್ಟವರು ಯಾರೂ ಇದನ್ನು ಬಯಸಿರಲಾರರು.

ಇಲ್ಲಿ ಕಾಯಿಲೆಯ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಇಂಥ ಮನವಿಗಳು ಎಡವುವುದು ಇದೇ ಜಾಗದಲ್ಲಿ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಒಂದು ಆಪರೇಷನ್ ಮಾಡಿ ಮುಗಿಸುವಂಥದ್ದಲ್ಲ. ಸಾಮಾನ್ಯವಾಗಿ 2ರಿಂದ 3 ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಓಡಾಟ ಜೋರು, ಆಮೇಲೆ ಮನೆಯಲ್ಲೇ ಮಾತ್ರೆ, ನಿಯಮಿತವಾಗಿ ರಕ್ತ ಪರೀಕ್ಷೆ, ನಡುನಡುವೆ ಸೋಂಕು, ಮತ್ತೆ ದಾಖಲು. ಅಷ್ಟೂ ಕಾಲ ತಂದೆತಾಯಿಯಲ್ಲಿ ಒಬ್ಬರಾದರೂ ದುಡಿಮೆ ಬಿಟ್ಟಿರುತ್ತಾರೆ. ಬಸ್ಸಿನ ಖರ್ಚು, ಆಸ್ಪತ್ರೆ ಹತ್ತಿರ ಬಾಡಿಗೆ ಕೋಣೆ, ಮನೆಯಲ್ಲಿ ಉಳಿದ ಇನ್ನೊಂದು ಮಗುವಿನ ಶಾಲೆ, ಇವಕ್ಕೆಲ್ಲ ಆಸ್ಪತ್ರೆಯ ಬಿಲ್ ಬರುವುದಿಲ್ಲ. ಹಾಗಾಗಿ ಮನವಿಯಲ್ಲಿ ಇವುಗಳ ಸುದ್ದಿಯೇ ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಕ್ಯಾನ್ಸರ್ ಬಗ್ಗೆ 2018ರಲ್ಲಿ ಜಾಗತಿಕ ಕಾರ್ಯಕ್ರಮವೊಂದನ್ನು ಶುರುಮಾಡಿತು. ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕನಿಷ್ಠ 60 ಶೇಕಡಾ ಮಂದಿ 2030ರ ಹೊತ್ತಿಗೆ ಬದುಕುಳಿಯುವಂತಾಗಬೇಕು ಎಂಬುದು ಅದರ ಗುರಿ. ಶ್ರೀಮಂತ ದೇಶಗಳಲ್ಲಿ 80 ಶೇಕಡಾಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಾಗಾಗದಿರುವುದಕ್ಕೆ ತಡವಾಗಿ ರೋಗ ಪತ್ತೆಯಾಗುವುದು ಒಂದು ಕಾರಣವಾದರೆ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು ಇನ್ನೊಂದು. ಬಿಡುವುದು ಬೇಜವಾಬ್ದಾರಿಯಿಂದಲ್ಲ, ಕೈ ಖಾಲಿಯಾಗಿ. ಅಂದರೆ ನಾವು ಕೂಡಿಸಿದ ಹಣಕ್ಕೆ ಹೆಚ್ಚು ಬೆಲೆ ಇದ್ದದ್ದು ಎರಡನೇ ವರ್ಷದಲ್ಲಿ, ಪೋಸ್ಟರುಗಳೆಲ್ಲ ಮರೆತುಹೋದ ಮೇಲೆ. ನಮ್ಮ ಗುಂಪಾದರೋ ಮೊದಲ ಗುರಿ ಮುಟ್ಟಿದ ಸಂಭ್ರಮದಲ್ಲಿ ಸಮಾರಂಭ ಮಾಡಿತು.

ಆ ಸಮಾರಂಭವನ್ನು ನೆನೆದರೆ ಈಗಲೂ ಹೊಟ್ಟೆ ಕಿವಿಚುತ್ತದೆ. ಮಾಸ್ಕ್ ಹಾಕಿದ ಹುಡುಗನನ್ನು ಜನ ತುಂಬಿದ ಸಭೆಗೆ ಕರೆಸಿದರು. ಸೋಂಕಿನ ಭಯಕ್ಕೆ ವೈದ್ಯರು ಗುಂಪಿನಿಂದ ದೂರ ಇರಿಸಿ ಎಂದಿದ್ದರು, ಬೇಡ ಎನ್ನುವ ಧೈರ್ಯ ಆ ತಂದೆಗೆ ಬರಲಿಲ್ಲ. ಹಣ ಕೊಟ್ಟವರ ಮುಂದೆ ಬೇಡ ಎನ್ನುವುದು ಹೇಗೆ? ದೊಡ್ಡ ಗಾತ್ರದ ಚೆಕ್ಕಿನ ಹಲಗೆ ಹಿಡಿಸಿ ಫೋಟೊ ತೆಗೆದರು. ಹುಡುಗ ತಲೆ ಬಗ್ಗಿಸಿದ್ದ, "ಕ್ಯಾಮೆರಾ ನೋಡು ಪುಟ್ಟಾ" ಎಂದು ಮತ್ತೆ ಮತ್ತೆ ಹೇಳಿಸಿ ತಲೆ ಎತ್ತಿಸಿದರು.

ಫೋಟೊ ವಿಷಯಕ್ಕೆ ಬಂದೆ. ಇಡೀ ಪ್ರಕರಣದಲ್ಲಿ ಇದೇ ಹೆಚ್ಚು ಕಾಲ ಉಳಿದ ಗಾಯ. ಮನವಿಯಲ್ಲಿ ಹುಡುಗನ ಮುಖ, ಪೂರ್ತಿ ಹೆಸರು, ಶಾಲೆ, ಅಪ್ಪನ ಫೋನ್ ನಂಬರ್, ಆಸ್ಪತ್ರೆಯ ಅಂದಾಜು ಪಟ್ಟಿ ಎಲ್ಲವೂ ಇದ್ದವು. ಎಷ್ಟು ಹೆಚ್ಚು ವಿವರ ಕೊಟ್ಟರೆ ಅಷ್ಟು ನಂಬಿಕೆ ಎಂಬ ಲೆಕ್ಕಾಚಾರ. ಸ್ವಲ್ಪ ದಿನದಲ್ಲೇ ಅದೇ ಮನವಿ ಬೇರೊಂದು ರೂಪದಲ್ಲಿ ನಮಗೇ ವಾಪಸು ಬಂತು. ಅದೇ ಮುಖ, ಅದೇ ಆಸ್ಪತ್ರೆ ಕಾಗದ, ಕ್ಯೂಆರ್ ಕೋಡ್ ಮಾತ್ರ ಬೇರೆ. ಯಾರೋ ಚಿತ್ರದ ಆ ಮೂಲೆಯನ್ನಷ್ಟೇ ಬದಲಿಸಿ ಹರಿಬಿಟ್ಟಿದ್ದರು. ಮೋಸ ಮಾಡುವವನಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಏಕೆಂದರೆ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದರೂ "ಹೌದು, ಆ ಮಗು ನಮ್ಮಲ್ಲಿದೆ" ಎಂಬ ಉತ್ತರವೇ ಸಿಗುತ್ತದೆ. ಕಾಯಿಲೆ ನಿಜ, ಮಗು ನಿಜ, ಖಾತೆ ಮಾತ್ರ ಸುಳ್ಳು.

ಅಲ್ಲಿಗೆ ಹಣ ಹಾಕಿದವರು ಮನವಿಯಲ್ಲಿದ್ದ ನಂಬರಿಗೆ, ಅಂದರೆ ಹುಡುಗನ ಅಪ್ಪನಿಗೆ, ಫೋನ್ ಮಾಡಿ ರಸೀದಿ ಕೇಳತೊಡಗಿದರು. ಬಂದಿಲ್ಲ ಎಂದರೆ ನಂಬುವವರು ಯಾರು? ಎರಡು ಕಡೆ ಹಣ ಎತ್ತಿದರಂತೆ ಎಂಬ ಮಾತು ಹಬ್ಬಿತು. ಆಮೇಲೆ ಮನೆಗೊಂದು ಹಳೆಯ ಫ್ರಿಜ್ ಬಂದರೂ, ತಂಗಿ ಹೊಸ ಬಟ್ಟೆ ಹಾಕಿದರೂ ನೆರೆಯವರ ಕಣ್ಣು ಅದರ ಮೇಲೆ. ಗುಣವಾಗಿ ಶಾಲೆಗೆ ಮರಳಿದ ಹುಡುಗನಿಗೆ ಸಹಪಾಠಿಯೊಬ್ಬ ಅವನದೇ ಬೋಳು ತಲೆಯ ಫೋಟೊ ತೋರಿಸಿದ್ದಾನೆ.

ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ ಅಂಗೀಕಾರವಾದದ್ದು 1989ರಲ್ಲಿ. ಅದರ 16ನೇ ವಿಧಿ ಮಗುವಿನ ಖಾಸಗಿತನ ಮತ್ತು ಮರ್ಯಾದೆಗೆ ರಕ್ಷಣೆ ಕೊಡುತ್ತದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು ಎನ್ನುತ್ತದೆ 12ನೇ ವಿಧಿ. ಹಣ ಬೇಕಾಗಿದೆ ಎಂಬ ಕಾರಣಕ್ಕೆ ಈ ಎರಡೂ ಬಿದ್ದುಹೋಗುವುದಿಲ್ಲ. ಹತ್ತು ವರ್ಷದ ಹುಡುಗನಿಗೆ ತನ್ನ ಯಾವ ಚಿತ್ರ ಹೊರಗೆ ಹೋಗಬೇಕು ಎಂದು ಹೇಳುವಷ್ಟು ಬುದ್ಧಿ ಖಂಡಿತ ಇರುತ್ತದೆ, ಕೇಳಬೇಕಷ್ಟೆ. ಮುಖ ಕಾಣದ ಚಿತ್ರ, ಬದಲಿಸಿದ ಹೆಸರು, ಗುಂಪಿನದೇ ಸಂಪರ್ಕ ಸಂಖ್ಯೆ ಇದ್ದರೂ ಹಣ ಬರುತ್ತದೆ. ಸ್ವಲ್ಪ ಕಡಿಮೆಯೇ ಬಂದೀತು. ಆ ಕಡಿಮೆಯನ್ನು ಒಪ್ಪಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಲೆಕ್ಕದ ಕತೆ. ನನ್ನ ಕಡತದಲ್ಲಿದ್ದ ಬಿಲ್ಲುಗಳ ಮೊತ್ತಕ್ಕೂ ಖರ್ಚಾಗಿದೆ ಎಂದು ಗ್ರೂಪಿನಲ್ಲಿ ಹೇಳಿದ ಮೊತ್ತಕ್ಕೂ ತಾಳೆಯಾಗಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ, ಕೂಡಿಸಿ ನೋಡೋಣ ಎಂದೆ. "ಲೆಕ್ಕ ಕೇಳೋಕೆ ಇದೇನು ಆಫೀಸಾ? ನೀವು ಸೇವೆ ಮಾಡೋಕೆ ಬಂದವರಾ, ಅನುಮಾನ ಪಡೋಕೆ ಬಂದವರಾ?" ಎಂದರು ಮುಂದಾಳು. ಜೊತೆಗಿದ್ದ ಹುಡುಗರೂ "ಅಣ್ಣ ಹಗಲು ರಾತ್ರಿ ಒದ್ದಾಡ್ತಿದ್ದಾರೆ, ಹಿಂಗೆಲ್ಲ ಕೇಳ್ಬಾರ್ದು ಅಕ್ಕಾ" ಎಂದರು. ಅವರು ಒದ್ದಾಡಿದ್ದು ನಿಜವೇ. ಅವರ ಸ್ಟೇಟ್‌ಮೆಂಟಿನಲ್ಲಿ ಅವರ ಸಂಬಳ, ಮನೆ ಸಾಲದ ಕಂತು, ದಿನಸಿ ಖರ್ಚು ಎಲ್ಲವೂ ಮಗುವಿನ ಹಣದ ಜೊತೆ ಕಲಸಿಹೋಗಿದ್ದವು, ತೋರಿಸಲು ಅವರಿಗೆ ಸಂಕೋಚ. ಬೇರ್ಪಡಿಸಲು ಅವರಿಂದಲೇ ಆಗುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಹೆಚ್ಚು ಒತ್ತಾಯವಾದಾಗ ನೋಟ್‌ಬುಕ್ಕಿನ ಹಾಳೆಯೊಂದರ ಫೋಟೊ ಬಂತು. ಬ್ಯಾನರ್, ಟೀ ಶರ್ಟ್, ವೇದಿಕೆ, ವಾಹನ, ಇತರೆ. ಬೇರೆ ಕುಟುಂಬದ ಮಗುವೊಂದರ ಶಾಲಾ ಶುಲ್ಕಕ್ಕೂ ಇದರಿಂದಲೇ ಕೊಟ್ಟಿದ್ದರು, ಒಬ್ಬರೇ ತೀರ್ಮಾನಿಸಿ. ಆ ಮಗುವಿಗೂ ಕಷ್ಟವಿತ್ತು ನಿಜ. ಆದರೆ ಜನ ಕೊಟ್ಟದ್ದು ಈ ಹುಡುಗನ ಔಷಧಿಗೆ. ಒಂದು ಉದ್ದೇಶ ಹೇಳಿ ಪಡೆದ ಹಣವನ್ನು ಬೇರೆ ಉದ್ದೇಶಕ್ಕೆ ತಿರುಗಿಸಬೇಕಾದರೆ ಕೊಟ್ಟವರಿಗೆ ಹೇಳಿ ಒಪ್ಪಿಗೆ ಪಡೆಯಬೇಕು. ಲೆಕ್ಕ ಇಡುವ ಸಂಸ್ಥೆಗಳು ಇಂಥ ಹಣವನ್ನು ಪ್ರತ್ಯೇಕ ನಿಧಿಯೆಂದೇ ಬರೆದಿಡುತ್ತವೆ. ಮರುದಿನ ಬೆಳಿಗ್ಗೆ ನೋಡಿದರೆ ನಾನು ಗ್ರೂಪಿನಿಂದ ಹೊರಗಿದ್ದೆ.

ಈಗ ಬೇರೆ ಕಡೆ ಇದೇ ಕೆಲಸ ಮಾಡುತ್ತಿದ್ದೇನೆ, ಬಿಟ್ಟಿಲ್ಲ. ಸೇರುವ ಮೊದಲು ನಾನು ನೋಡುವುದು ಖಾತೆಯನ್ನು. ಖಾತೆ ಆ ಉದ್ದೇಶಕ್ಕೇ ತೆರೆದದ್ದಾಗಿರಬೇಕು, ಹಣ ತೆಗೆಯಲು ಸಂಬಂಧಿಕರಲ್ಲದ ಇಬ್ಬರ ಸಹಿ ಬೇಕಾಗಿರಬೇಕು. ಸಾಧ್ಯವಿದ್ದಲ್ಲಿ ಹಣ ನೇರವಾಗಿ ಆಸ್ಪತ್ರೆಯಲ್ಲಿರುವ ರೋಗಿಯ ಖಾತೆಗೆ ಹೋಗುವುದು ಇನ್ನೂ ಒಳ್ಳೆಯದು, ಎಷ್ಟೋ ಆಸ್ಪತ್ರೆಗಳಲ್ಲಿ ಆ ಏರ್ಪಾಡು ಇರುತ್ತದೆ. ಡಬ್ಬಿಯಾದರೆ ಅದಕ್ಕೆ ಸೀಲ್ ಇರಬೇಕು, ಅದರ ಮೇಲೆ ಸಂಖ್ಯೆ ಇರಬೇಕು, ಒಡೆಯುವಾಗ ಇಬ್ಬರು ಕುಳಿತು ಎಣಿಸಿ ಇಬ್ಬರೂ ಸಹಿ ಹಾಕಬೇಕು. ಇದು ಅಪನಂಬಿಕೆಗಾಗಿ ಮಾಡುವುದಲ್ಲ, ಎಣಿಸಿದವರ ಮೇಲೆ ನಾಳೆ ಯಾರೂ ಬೆರಳು ತೋರಿಸದಿರಲಿ ಎಂದು.

ಮನವಿಯ ಪಠ್ಯವನ್ನೂ ಗಮನವಿಟ್ಟು ಓದುತ್ತೇನೆ. ಎಂದಿಗೆ ಮುಚ್ಚುತ್ತದೆ, ಗುರಿ ಮೀರಿ ಬಂದರೆ ಎಲ್ಲಿಗೆ, ಮಗು ತೀರಿಕೊಂಡರೆ ಉಳಿದ ಹಣ ಯಾರಿಗೆ. ಕೊನೆಯದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಬರೆಯದೆ ಬಿಟ್ಟರೆ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಹಣದ ಜಗಳ ನಡೆಯುತ್ತದೆ, ಹಾಗಾಗಿ ಮೊದಲ ದಿನವೇ ಬರೆಯಬೇಕು. ತಂದೆತಾಯಿಗೆ ಪೂರ್ತಿ ಲೆಕ್ಕ ನೋಡುವ ಹಕ್ಕಿದೆ ಎಂಬುದೂ ಅದರಲ್ಲಿರಬೇಕು.

ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡುವ ಗುಂಪಾದರೆ ಇನ್ನೊಂದು ವಿಷಯ. ಹೊಸದಾಗಿ ಬಂದ ಸ್ವಯಂಸೇವಕರ ಹಿನ್ನೆಲೆ ವಿಚಾರಿಸದೆ ಮಕ್ಕಳ ಜೊತೆ ಒಂಟಿಯಾಗಿ ಬಿಡುವ ಕಡೆ ನಾನು ನಿಲ್ಲುವುದಿಲ್ಲ. ನೀವೂ ನಿಲ್ಲಬೇಡಿ.

ನೀವು ಈಗಾಗಲೇ ಇಂಥ ಗುಂಪಿನಲ್ಲಿದ್ದು ಲೆಕ್ಕ ಸಿಗುತ್ತಿಲ್ಲ ಎಂದಾದರೆ, ಗ್ರೂಪಿನಿಂದ ತೆಗೆಯುವ ಮೊದಲೇ ಮನವಿಯ ಚಿತ್ರ, ಖಾತೆಯ ವಿವರ, ಗುರಿ ಮುಟ್ಟಿತೆಂದು ಹೇಳಿದ ಸಂದೇಶ, ನೀವು ನೋಡಿದ ಬಿಲ್ಲು ಎಲ್ಲದರ ಪ್ರತಿ ತೆಗೆದಿಟ್ಟುಕೊಳ್ಳಿ. ಪ್ರಶ್ನೆಯನ್ನು ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ಕೇಳಿ, ಉತ್ತರಕ್ಕೆ ತಾರೀಖು ಕೊಡಿ. ಮನವಿಯ ನಕಲಿ ಕಂಡರೆ ಅದರಲ್ಲಿರುವ ಖಾತೆಯ ಬ್ಯಾಂಕಿಗೂ ಪೊಲೀಸರಿಗೂ ಅದೇ ದಿನ ದೂರು ಕೊಡಿ, ಹಣ ಬೇರೆಡೆಗೆ ಹೋಗುವ ಮೊದಲು ತಡೆಯಲು ಸಾಧ್ಯವಿರುವುದು ಆ ಮೊದಲ ಕೆಲವು ಗಂಟೆಗಳಲ್ಲೇ. ದೂರಿನ ಪ್ರತಿಯೊಂದನ್ನು ಮಗುವಿನ ತಂದೆತಾಯಿಯ ಕೈಗೂ ಕೊಡಿ. ರಸೀದಿ ಕೇಳಿ ಫೋನ್ ಮಾಡುವವರಿಗೆ ತೋರಿಸಲು ಅವರ ಬಳಿ ಏನಾದರೂ ಇರಬೇಕು.