ಇಳಿಯದ ಬಾರ್ ಅಂಕಿಯನ್ನು ನಂಬಬೇಡಿ: ಮಳೆಗಾಲ ಕಳೆದ ಮೊದಲ ಡೈವ್‌ಗೆ ಮುನ್ನ

ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವ್, 16 ಮೀಟರ್ ಆಳ. ಡೈವ್ ಕಂಪ್ಯೂಟರ್‌ನಲ್ಲಿ ಸಿಲಿಂಡರ್ ಒತ್ತಡ 90 ಬಾರ್, ಆದರೆ ಉಸಿರು ಬಿಗಿಯುತ್ತಿದೆ. ಇನ್ನೆರಡು ಸಲ ಎಳೆಯುವಷ್ಟರಲ್ಲಿ ಗಾಳಿಯೇ ನಿಂತಿತು. ಜೊತೆಗಾರನ ಹೆಚ್ಚುವರಿ ಮೌತ್‌ಪೀಸ್ ಕೈಗೆ ಸಿಕ್ಕಿದ್ದರಿಂದ ಆ ಡೈವರ್ ಮೇಲೆ ಬಂದರು. ದೋಣಿಯಲ್ಲಿ ಬೇರೆ ಗೇಜ್ ಹಾಕಿ ನೋಡಿದರೆ ಸಿಲಿಂಡರ್ ಬಹುತೇಕ ಖಾಲಿ. ಬ್ಯಾಟರಿ ಹೊಸದು, ಸಿಗ್ನಲ್ ಕೂಡ ಒಮ್ಮೆಯೂ ತಪ್ಪಿರಲಿಲ್ಲ.

ಸಿಲಿಂಡರ್ ವಾಲ್ವ್‌ಗೆ ಕೂರಿಸಿ ಗಾಳಿಯ ಒತ್ತಡ ಇಳಿಸುವ ಭಾಗವೇ ಫಸ್ಟ್ ಸ್ಟೇಜ್. ಸಿಲಿಂಡರ್ ಒತ್ತಡವನ್ನು ತಂತಿಯಿಲ್ಲದೆ ಕಂಪ್ಯೂಟರ್‌ಗೆ ಕಳುಹಿಸುವ ಟ್ರಾನ್ಸ್‌ಮಿಟರ್ ಅದರ ಹೈ ಪ್ರೆಷರ್ ಪೋರ್ಟಿನಲ್ಲಿ ಕೂರುತ್ತದೆ. ತೊಂದರೆ ಇದ್ದದ್ದು ಆ ಪೋರ್ಟಿನಲ್ಲಿ. ಅಲ್ಲಿ ಗಾಳಿಯ ದಾರಿ ಸೂಜಿಮೊನೆಯಷ್ಟೇ ಕಿರಿದು. ಗಾಳಿ ಸೋರದಂತೆ ತಡೆಯುವ ರಬ್ಬರ್ ಓ-ರಿಂಗ್ ಹರಿದರೂ ಸಿಲಿಂಡರ್ ಒಮ್ಮೆಲೇ ಬರಿದಾಗದಿರಲಿ ಎಂದು ಹಾಗೆ ಮಾಡಿರುತ್ತಾರೆ. ಆ ತೂತಿಗೆ ಉಪ್ಪಿನ ಹರಳು, ಹಿತ್ತಾಳೆಯ ಹಸಿರು ಕಿಲುಬು ಕಟ್ಟಿಕೊಂಡರೆ ಟ್ರಾನ್ಸ್‌ಮಿಟರ್ ಒಳಗಿನ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಸಿಲಿಂಡರ್ ಇಳಿಯುತ್ತಿದ್ದರೂ ಅಂಕಿ ಮೇಲೆಯೇ ನಿಲ್ಲುತ್ತದೆ. ಪರದೆ ಖಾಲಿಯಾದರೆ ಎಚ್ಚರವಾಗುತ್ತೀರಿ. ಅಂಕಿ ಸುಮ್ಮನೆ ನಿಂತರೆ ನೆಮ್ಮದಿಯಾಗಿ ಮುಂದೆ ಈಜುತ್ತೀರಿ. ಅಪಾಯ ಅದೇ.

ಉಪ್ಪುನೀರು ಒಳಗೆ ಹೋಗುವುದು ಹೆಚ್ಚಾಗಿ ತೊಳೆಯುವಾಗ: ಫಸ್ಟ್ ಸ್ಟೇಜ್ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಒದ್ದೆ ಇರುವಾಗಲೇ ಹಾಕುವುದು, ಬಕೆಟ್‌ನಲ್ಲಿ ಮುಳುಗಿಸಿ ಮೌತ್‌ಪೀಸಿನ ಪರ್ಜ್ ಬಟನ್ (ಗಾಳಿ ಹೊರಬಿಡುವ ಗುಂಡಿ) ಒತ್ತುವುದು, ಸಿಲಿಂಡರ್ ಗಾಳಿ ಊದಿ ಒಣಗಿಸಲು ಹೋಗಿ ನೀರನ್ನೇ ಫಸ್ಟ್ ಸ್ಟೇಜ್ ಬಾಯಿಯ ಫಿಲ್ಟರ್‌ಗೆ ತಳ್ಳುವುದು. ಮೇಲಿಂದ ಜೂನ್‌ನಿಂದ ಮೂರ್ನಾಲ್ಕು ತಿಂಗಳು ಸೆಟ್ ಪೆಟ್ಟಿಗೆಯಲ್ಲಿ. ಕಿಲುಬಿಗೆ ಅಷ್ಟು ಸಾಕು.

ದಡದಲ್ಲೇ ಪರೀಕ್ಷಿಸಿ. ವಾಲ್ವ್ ನಿಧಾನವಾಗಿ ತೆರೆದು ಪರದೆ ನೋಡಿ. ಟ್ರಾನ್ಸ್‌ಮಿಟರ್ ಕೆಲವು ಸೆಕೆಂಡಿಗೊಮ್ಮೆ ಮಾತ್ರ ಕಳುಹಿಸುವುದರಿಂದ ಚೂರು ತಡೆಯಿರಿ. ಅಂಕಿ ನೇರವಾಗಿ 200ರ ಹತ್ತಿರ ನಿಂತರೆ ಸರಿ. 40, 90, 150 ಎಂದು ತೆವಳುತ್ತಾ ಏರಿದರೆ ದಾರಿ ಕಟ್ಟಿದೆ. ಆಮೇಲೆ ವಾಲ್ವ್ ಮುಚ್ಚಿ ಉಸಿರೆಳೆಯಿರಿ. ಗಾಳಿ ಮುಗಿದ ಮೇಲೂ ಪರದೆ 60 ಬಾರ್ ಎನ್ನುತ್ತಿದ್ದರೆ ಆ ಸೆಟ್ ನೀರಿಗೆ ಇಳಿಯಬಾರದು. ಉಸಿರೆಳೆದಾಗ ಕುಸಿದು ಮತ್ತೆ ಏರುವುದು ಬೇರೆ ಲಕ್ಷಣ, ಸಾಮಾನ್ಯವಾಗಿ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಬಿಸಿಲಲ್ಲಿ ಕಾದ ಸಿಲಿಂಡರ್ ನೀರಿಗೆ ಇಳಿದೊಡನೆ 10–20 ಬಾರ್ ಕಳೆದುಕೊಂಡರೆ ಅದು ದೋಷವೇ ಅಲ್ಲ.

ನೀರೊಳಗೆ ಲೆಕ್ಕ ಹಾಕುತ್ತಿರಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಬಳಸುವವರಿಗೆ 16 ಮೀಟರಿನಲ್ಲಿ, ಒತ್ತಡ 2.6 ಪಟ್ಟು ಇರುವುದರಿಂದ, 52 ಲೀಟರ್ ಬೇಕು, 11.1 ಲೀಟರ್ ಸಿಲಿಂಡರ್‌ನಲ್ಲಿ ಅದು ನಿಮಿಷಕ್ಕೆ ಸುಮಾರು 4.7 ಬಾರ್. ಮೂರು ನಿಮಿಷದಲ್ಲಿ 14 ಬಾರ್ ಇಳಿಯಬೇಕಾದ ಕಡೆ ಒಂದೆರಡೇ ಇಳಿದರೆ ಜೊತೆಗಾರನಿಗೆ ಸನ್ನೆ ಮಾಡಿ, ಹತ್ತಿರವೇ ಇದ್ದು ಮೇಲೇರಿ.

ಇನ್ನೊಂದು ಮೋಸ, ದೋಣಿಯಲ್ಲಿ ಅಕ್ಕಪಕ್ಕ ಕೂತು ಟ್ರಾನ್ಸ್‌ಮಿಟರನ್ನು ಕಂಪ್ಯೂಟರಿಗೆ ಪೇರ್ ಮಾಡುವಾಗ (ಜೋಡಿಸುವಾಗ) ಪಕ್ಕದವರ ಸಿಲಿಂಡರಿನ ಅಂಕಿ ನಿಮ್ಮ ಪರದೆಗೆ ಬಂದುಬಿಡುವುದು. ಟ್ರಾನ್ಸ್‌ಮಿಟರ್ ಮೇಲಿನ ಸಂಖ್ಯೆಯನ್ನು ಪರದೆಯ ಸಂಖ್ಯೆಗೆ ತಾಳೆ ನೋಡಿ.

ಕಟ್ಟಿದ ತೂತಿಗೆ ಪಿನ್ ಹಾಕಿ ಕೆದಕಬೇಡಿ, ಕಿಲುಬು ಇನ್ನೂ ಒಳಕ್ಕೆ ಹೋಗುತ್ತದೆ. ಫಸ್ಟ್ ಸ್ಟೇಜ್ ಬಿಚ್ಚಿ ಸ್ವಚ್ಛ ಮಾಡಿಸಿ, ಫಿಲ್ಟರ್ ಬದಲಿಸಿ. ಫಿಲ್ಟರ್ ಹಸಿರಾಗಿದ್ದರೆ ನೀರು ಒಳಗೆ ಹೋಗಿರುವುದಕ್ಕೆ ಅದೇ ಸಾಕ್ಷಿ. ಕಂಪ್ಯೂಟರಿನ ಆಳದ ಸೆನ್ಸರ್ ತೂತಿಗಂತೂ ಸಿಲಿಂಡರ್ ಗಾಳಿ ಹಾಯಿಸಲೇಬೇಡಿ, ಒಳಗಿನ ಪೊರೆ ಹಾಳಾಗುತ್ತದೆ. ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ನೆನೆಸಿಟ್ಟರೆ ಆಯಿತು. ಟ್ರಾನ್ಸ್‌ಮಿಟರನ್ನೇ ಹಿಡಿಕೆಯಂತೆ ಹಿಡಿದು ಸಿಲಿಂಡರ್ ಎತ್ತುವವರನ್ನು ಕಂಡರೆ ಅಲ್ಲೇ ತಡೆಯಿರಿ.